ಹೊಳೆಯ ಜಾಗದಲ್ಲಿ ನಮ್ಮ ಕಬ್ಬು

2019ರ ಆಗಸ್ಟ್. ಬೆಂಗಳೂರಿನ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ನಡೀತಿತ್ತು. ಜೇಬಲ್ಲಿದ್ದ ಫೋನ್ ಒಂದರ ಹಿಂದೊಂದು ಮೂರು ಸಲ ನಡುಗಿತು. ಕಾಕಾ ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದ್ದರು. ನಮ್ಮ ಮನೆ ಅಂಗಳ. ತುಳಸಿಕಟ್ಟೆಯ ಮೇಲ್ಭಾಗ ಮಾತ್ರ ಕಾಣ್ತಿತ್ತು, ಉಳಿದದ್ದೆಲ್ಲ ಕೆಂಪು ನೀರು. ಹಿಂದಿನಿಂದ ಯಾರೋ ಕೂಗೋದು ಕೇಳಿಸ್ತು: "ಆಯೀನ್ನ ಮೊದಲ ಸಾಲಿಗೆ ಕರ್ಕೊಂಡ್ ಹೋಗ್ರೋ!"

ನಮ್ಮೂರು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆ ದಂಡೆ ಮೇಲಿರುವ ಒಂದು ಸಣ್ಣ ಹಳ್ಳಿ. ಪಟ್ಟದಕಲ್ಲಿನಿಂದ ತುಂಬಾ ದೂರವೇನಿಲ್ಲ. ಆ ವಾರ ಪಟ್ಟದಕಲ್ಲಿನ ಚಾಲುಕ್ಯರ ಗುಡಿಗಳ ಸುತ್ತ ನೀರು ನಿಂತ ಫೋಟೊಗಳು ಎಲ್ಲ ಕಡೆ ಓಡಾಡಿದ್ದು ನಿಮಗೂ ನೆನಪಿರಬಹುದು. ಸಾವಿರದ ಇನ್ನೂರು ವರ್ಷ ಹಳೆಯ ಆ ಗುಡಿಗಳ ಬಗ್ಗೆ ಇಡೀ ದೇಶ ಮಾತಾಡ್ತಿದ್ದಾಗ, ನಮ್ಮ ಆಯಿ ಶಾಲೆಯ ಕೋಣೆಯೊಂದರಲ್ಲಿ ಜಮಖಾನೆ ಹಾಸಿಕೊಂಡು ಮಲಗಿದ್ದಳು.

ಸಂಜೆ ಫೋನ್ ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಅಷ್ಟು ಮಳೆ ಆಯ್ತಾ ಕಾಕಾ?"

"ಎಲ್ಲಿ ಮಳಿ? ಜಿಟಿಜಿಟಿ ಅಷ್ಟ. ಮಳಿ ಇಲ್ಲ, ಹೊಳಿ ಐತಿ," ಅಂದರು.

ಆ ಉತ್ತರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮಳೆಯೇ ಇಲ್ಲದ ಊರಿಗೆ ನೆರೆ ಎಲ್ಲಿಂದ ಬಂತು? "ಡ್ಯಾಮ್ ಬಿಟ್ಟರು" ಅನ್ನೋದು ಊರಿನವರ ಉತ್ತರ. "ಹವಾಮಾನ ಬದಲಾವಣೆ" ಅನ್ನೋದು ನನ್ನ ಆಫೀಸಿನವರ ಉತ್ತರ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಅಂದಿನಿಂದ ಇದರ ಬೆನ್ನು ಹತ್ತಿ ಓದ್ತಾ, ಊರಿಗೆ ಹೋದಾಗಲೆಲ್ಲ ಹೊಳೆ ದಂಡೆ ಸುತ್ತುತ್ತಾ ಹೋದ ಮೇಲೆ ಮೂರನೆಯ ಒಂದು ಉತ್ತರವೂ ಸಿಕ್ಕಿತು. ಅದು ನಮ್ಮ ಮನೆಯಿಂದಲೇ ಶುರುವಾಗುತ್ತೆ. ಅದಕ್ಕೇ ಇದನ್ನು ಬರೆಯೋಕೆ ಇಷ್ಟು ದಿನ ಹಿಡೀತು.

ಕಣಕುಂಬಿಯ ಮಳೆ, ನಮ್ಮೂರಿನ ನೆರೆ

ಮಲಪ್ರಭೆ ಹುಟ್ಟೋದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪಶ್ಚಿಮ ಘಟ್ಟದ ನೆತ್ತಿ ಅದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಸುರಿಯೋ ಮಳೆಯನ್ನು ಸಾವಿರಾರು ಮಿಲಿಮೀಟರ್‌ಗಳಲ್ಲಿ ಅಳೀಬೇಕು. ಅಲ್ಲಿಂದ ಹೊಳೆ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತೆ. ದಾರಿಯ ಮುಕ್ಕಾಲು ಪಾಲು ಬಯಲುಸೀಮೆ. ಬಾದಾಮಿ ಕಡೆ ವರ್ಷಪೂರ್ತಿ ಬೀಳೋ ಮಳೆ ಐನೂರು, ಆರುನೂರು ಮಿಲಿಮೀಟರ್ ಆಸುಪಾಸು ಅಷ್ಟೇ.

ಅಂದರೆ ಹೊಳೆಯ ತಲೆ ಮಲೆನಾಡಿನಲ್ಲಿದೆ, ಮೈ ಬರಗಾಲದ ಸೀಮೆಯಲ್ಲಿದೆ. ಘಟ್ಟದಲ್ಲಿ ನಾಲ್ಕು ದಿನ ಬಿಡದೆ ಹೊಡೆದ ಮಳೆಯ ನೀರು ಬಿಸಿಲಿದ್ದ ಊರಿಗೂ ಬಂದು ನುಗ್ಗಬಹುದು. ಕಾಕಾನ "ಮಳಿ ಇಲ್ಲ, ಹೊಳಿ ಐತಿ" ಅನ್ನೋ ಮಾತಿನ ಅರ್ಥ ಇದು.

ಇದಕ್ಕೆ ಉಲ್ಟಾ ನೆರೆಯೂ ಇದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಬಂದದ್ದು ಅಂಥದ್ದು. ಆಗ ಮುಂಗಾರು ಮುಗಿಯೋ ಹೊತ್ತಿಗೆ, ಮಳೆ ಕಾಣದ ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳದ ಬಯಲಿನ ಮೇಲೇ ನೇರವಾಗಿ ಮಳೆ ಸುರಿಯಿತು. ಮಂತ್ರಾಲಯ ಮುಳುಗಿತು, ಕರ್ನೂಲು ಪಟ್ಟಣ ಮುಳುಗಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯೊಳಗೆ ಮೊಣಕಾಲು ಮಟ್ಟ ನೀರು ಬಂದಿತ್ತು.

ಬಯಲಿನ ಮೇಲೆ ಹೀಗೆ ಮಳೆ ಬಂದರೆ ಕಪ್ಪು ಎರೆ ಮಣ್ಣು ಬೇರೆ ಆಟ ಆಡುತ್ತೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರೋ ಈ ಮಣ್ಣು ಮೊದಲ ಮಳೆಗಳನ್ನು ಗಟಗಟ ಕುಡಿಯುತ್ತೆ. ಕುಡಿದಂತೆಲ್ಲ ಉಬ್ಬುತ್ತೆ, ಬಿರುಕು ಮುಚ್ಚಿಕೊಳ್ಳುತ್ತೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯೋದು ತೀರಾ ನಿಧಾನ, ಮೇಲೆ ಮೇಲೇ ಹರಿದು ಹಳ್ಳ ಸೇರುತ್ತೆ. ಹುಬ್ಬಳ್ಳಿ, ನವಲಗುಂದ ಕಡೆಯಿಂದ ಬರೋ ಬೆಣ್ಣಿಹಳ್ಳವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ದಾಟಿ ಹೋದ ಹಳ್ಳವನ್ನು ಮಧ್ಯಾಹ್ನ ದಾಟೋಕಾಗಲ್ಲ. ಈ ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರೋದು ನವಿಲುತೀರ್ಥ ಅಣೆಕಟ್ಟಿನ ಕೆಳಗೆ, ರೋಣ ತಾಲೂಕಿನಲ್ಲಿ. ಹಾಗಾಗಿ ಅಣೆಕಟ್ಟಿನ ಗೇಟು ಪೂರ್ತಿ ಮುಚ್ಚಿದ್ದರೂ ನಮ್ಮೂರಿಗೆ ನೆರೆ ಬರೋ ಸಾಧ್ಯತೆ ಇದ್ದೇ ಇದೆ.

ಇಷ್ಟೆಲ್ಲ ಪ್ರಕೃತಿಯ ಲೆಕ್ಕ. ಮನುಷ್ಯರು ಇಲ್ಲದಿದ್ದರೂ ಈ ನೆರೆಗಳು ಬರ್ತಿದ್ದವು. ಹೊಳೆ ದಂಡೆಯ ನಮ್ಮ ಹೊಲಗಳ ಮಣ್ಣು ಅಷ್ಟು ಚೆನ್ನಾಗಿರೋದೇ ಸಾವಿರಾರು ವರ್ಷ ಹೊಳೆ ಉಕ್ಕಿ ಉಕ್ಕಿ ರೇವೆ ತಂದು ಹಾಸಿದ್ದರಿಂದ. ನೆರೆಯೇ ಬಾರದ ಜಾಗದಲ್ಲಿ ಅಂಥ ಹೊಲವೂ ಇರಲ್ಲ.

ಬಿಸಿ ಗಾಳಿಯ ದೊಡ್ಡ ಕೊಡ

ಹಾಗಾದರೆ ಹವಾಮಾನ ಬದಲಾವಣೆಯ ಪಾಲು ಎಷ್ಟು? ಇಲ್ಲಿ ಒಂದು ಸರಳ ಭೌತವಿಜ್ಞಾನ ಇದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತೆ. ಕೊಡ ದೊಡ್ಡದಾಯ್ತು ಅಂದುಕೊಳ್ಳಿ. ತುಂಬೋಕೆ ಹೆಚ್ಚು ಹೊತ್ತು ಬೇಕು, ಹಾಗಾಗಿ ಮಳೆಯ ನಡುವಿನ ಬಿಡುವು ಉದ್ದವಾಗಬಹುದು. ಮಗುಚಿದಾಗ ಮಾತ್ರ ಒಂದೇ ಸಲಕ್ಕೆ ಜಾಸ್ತಿ ಸುರಿಯುತ್ತೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದ ಪಟ್ಟಿಯಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಅದೇ ಅವಧಿಯಲ್ಲಿ ಅಲ್ಲಿ ಮುಂಗಾರಿನ ಒಟ್ಟು ಮಳೆ ಹೆಚ್ಚಿಲ್ಲ. ಅಂದರೆ ತಿಂಗಳ ಸಂಬಳ ಅಷ್ಟೇ, ಬರೋದು ಮಾತ್ರ ಒಂದೇ ದಿನ ಕಂತೆಕಂತೆಯಾಗಿ. ಇದಕ್ಕೆ ಹೊಳೆ, ಸೇತುವೆ, ಅಣೆಕಟ್ಟು ಯಾವುದೂ ತಯಾರಿರಲಿಲ್ಲ.

ಡ್ಯಾಮ್ ಬಿಟ್ಟರಾ? ಲೆಕ್ಕ ಹಾಕೋಣ

ಈಗ ಊರಿನವರ ಉತ್ತರಕ್ಕೆ ಬರೋಣ. ಟಿವಿಯಲ್ಲಿ "ಒಂದು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ" ಅಂತ ಓಡುತ್ತಲ್ಲ, ಅದು ಎಷ್ಟು ನೀರು ಅನ್ನೋದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದಾಜು 28 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರೋ 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳೋದಾದರೆ, ನೀವು "ಒಂದು" ಅನ್ನೋದರೊಳಗೆ 236 ಟ್ಯಾಂಕರ್ ನಿಮ್ಮ ಮುಂದೆ ಖಾಲಿಯಾದ ಹಾಗೆ.

ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಎದ್ದು ನಿಂತಿತು. ಅದರ ಸಾಮರ್ಥ್ಯ 37.73 ಟಿಎಂಸಿ. ಲಕ್ಷ ಕ್ಯೂಸೆಕ್ ಒಳಹರಿವು ಒಂದು ಇಡೀ ದಿನ ಬಂದರೆ 8.64 ಟಿಎಂಸಿ ಆಗುತ್ತೆ. ಪೂರ್ತಿ ಖಾಲಿ ಇದ್ದರೂ ಇಡೀ ಜಲಾಶಯ ನಾಲ್ಕೂವರೆ ದಿನದೊಳಗೆ ತುಂಬಿಹೋಗುತ್ತೆ. ಆಗಲೇ ಶೇ. 80ರಷ್ಟು ತುಂಬಿದ್ದರೆ? 21 ಗಂಟೆ. ಅದರಾಚೆಗೆ ಮೇಲಿಂದ ಬಂದದ್ದನ್ನೆಲ್ಲ ಕೆಳಗೆ ಬಿಡದೆ ಬೇರೆ ದಾರಿಯೇ ಇಲ್ಲ. ಬಿಡದಿದ್ದರೆ ಅಣೆಕಟ್ಟೇ ಉಳಿಯಲ್ಲ.

ನಮ್ಮ ಭಾಷೆಯಲ್ಲಿ ಇದು ಬಫರ್ ಸಮಸ್ಯೆ. ಬಫರ್ ಖಾಲಿ ಇದ್ದಷ್ಟೂ ದಿಢೀರ್ ಲೋಡ್ ತಡೆದುಕೊಳ್ಳುತ್ತೆ. ತುಂಬಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಹಾಗಾದರೆ ಮುಂಚೆಯೇ ಖಾಲಿ ಇಟ್ಟುಕೊಳ್ಳಬಹುದಲ್ಲ ಅಂತ ನಾನೂ ಕೇಳಿದ್ದೆ. ಆದರೆ ಇದೇ ನೀರನ್ನು ಹುಬ್ಬಳ್ಳಿ-ಧಾರವಾಡ ಕುಡಿಯುತ್ತೆ. ನರಗುಂದ, ನವಲಗುಂದದ ರೈತರು ಈ ಕಾಲುವೆಗಳನ್ನೇ ನಂಬಿದ್ದಾರೆ. 1980ರ ರೈತ ಬಂಡಾಯ ಎದ್ದದ್ದು ಇದೇ ಮಲಪ್ರಭೆ ಕಾಲುವೆ ಸೀಮೆಯಲ್ಲಿ, ಕಳಸಾ-ಬಂಡೂರಿ ಹೋರಾಟ ನಡೆದದ್ದೂ ಇಲ್ಲೇ. ಎಷ್ಟೋ ವರ್ಷ ತುಂಬದೇ ಉಳಿಯೋ ಜಲಾಶಯ ಇದು. ಆಗಸ್ಟ್ ಮೊದಲ ವಾರದಲ್ಲಿ "ಮುಂದೆ ದೊಡ್ಡ ಮಳೆ ಬರಬಹುದು" ಅಂತ ನೀರು ಬಿಟ್ಟು, ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟರೆ ಆ ಇಂಜಿನಿಯರ್‌ನನ್ನು ಯಾರು ಕ್ಷಮಿಸ್ತಾರೆ? ನೀರಾವರಿಗೆ ಜಲಾಶಯ ತುಂಬಿರಬೇಕು, ನೆರೆ ತಡೆಯೋಕೆ ಖಾಲಿ ಇರಬೇಕು. ಒಂದೇ ಅಣೆಕಟ್ಟಿನಿಂದ ಎರಡನ್ನೂ ಕೇಳ್ತಿದ್ದೇವೆ. ಮಳೆ ಮುನ್ಸೂಚನೆ ಚುರುಕಾದಷ್ಟೂ, ಮೂರ್ನಾಲ್ಕು ದಿನ ಮೊದಲೇ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಜಾಗ ಮಾಡಿಕೊಳ್ಳೋದು ಸುಲಭವಾಗುತ್ತೆ. ಅಷ್ಟರಮಟ್ಟಿಗೆ ಸುಧಾರಣೆಗೆ ಅವಕಾಶ ಖಂಡಿತ ಇದೆ.

ಕೃಷ್ಣಾ ನದಿಯಲ್ಲೂ ಇದೇ ಜಗಳ. 2019ರಲ್ಲಿ ಸಾಂಗಲಿ, ಕೊಲ್ಹಾಪುರ ಮುಳುಗಿದಾಗ ಅಲ್ಲಿಯವರು ನಮ್ಮ ಆಲಮಟ್ಟಿಯತ್ತ ಬೆರಳು ತೋರಿಸಿದರು. ನಾವು ಅವರ ಕೊಯ್ನಾ ಅಣೆಕಟ್ಟಿನತ್ತ ತೋರಿಸಿದೆವು. ಕೊನೆಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ನಂದಕುಮಾರ ವಡನೇರೆ ಸಮಿತಿ, ಆ ನೆರೆಗೆ ಆಲಮಟ್ಟಿ ಕಾರಣ ಅನ್ನೋದನ್ನು ಒಪ್ಪಲಿಲ್ಲ. ಅತಿವೃಷ್ಟಿ, ನದಿಪಾತ್ರದ ಒತ್ತುವರಿ ಇಂಥ ಕಾರಣಗಳತ್ತ ನೋಡಿತು. ಬೆರಳು ತೋರಿಸೋಕೆ ಒಂದು ಗೋಡೆ ಸಿಕ್ಕರೆ ಎಲ್ಲರಿಗೂ ಅನುಕೂಲ. ಒತ್ತುವರಿ ಅಂದಾಗ ಮಾತ್ರ ಎಲ್ಲರೂ ಸ್ವಲ್ಪ ತಣ್ಣಗಾಗ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯ್ತು.

ಹೊಳಿ ಮರೆತುಹೋಯ್ತು

ಅಣೆಕಟ್ಟು ನಮ್ಮೂರಿಗೆ ಮಾಡಿದ ಅತಿ ದೊಡ್ಡ ಬದಲಾವಣೆ ನೆರೆ ತಂದದ್ದಲ್ಲ, ನೆರೆ ನಿಲ್ಲಿಸಿದ್ದು.

ಆಯಿ ಮದುವೆಯಾಗಿ ಈ ಊರಿಗೆ ಬಂದಾಗ ಅಣೆಕಟ್ಟು ಇರಲಿಲ್ಲ. "ಆಗ ವರ್ಷಾ ವರ್ಷಾ ಹೊಳಿ ಬರ್ತಿತ್ತು. ಹನುಮಪ್ಪನ ಕಟ್ಟಿ ಮುಟ್ಟಿ ಹೊಳ್ಳಿ ಹೋಗ್ತಿತ್ತು. ಅದರ ಕೆಳಗ ಯಾರೂ ಮನಿ ಕಟ್ತಿರಲಿಲ್ಲ," ಅಂತಾಳೆ. ಊರಿನ ಹಳೇ ಮನೆಗಳೆಲ್ಲ ಗುಡಿಗಿಂತ ಎತ್ತರದಲ್ಲಿವೆ. 2019ರಲ್ಲೂ ಅವುಗಳ ಹೊಸ್ತಿಲು ಒಣಗೇ ಇತ್ತು.

ಅಣೆಕಟ್ಟು ಬಂದ ಮೇಲೆ ಚಿಕ್ಕಪುಟ್ಟ ನೆರೆಗಳೆಲ್ಲ ನಿಂತವು. ಮೇಲಿನ ನೀರು ಜಲಾಶಯದಲ್ಲಿ, ಕಾಲುವೆಯಲ್ಲಿ ಉಳೀತು. ವರ್ಷದ ಹೆಚ್ಚಿನ ದಿನ ನಮ್ಮ ಹೊಳೆ ಮರಳು, ಮಡುವು ಮತ್ತು ಜಾಲಿಕಂಟಿ. ನಾವು ಹುಡುಗರು ಅದರೊಳಗೇ ಕ್ರಿಕೆಟ್ ಆಡಿದವರು. ನನ್ನ ಮಟ್ಟಿಗೆ ಹೊಳೆ ಅಂದರೆ ದೊಡ್ಡ ಗ್ರೌಂಡು. ಒಂದು ತಲೆಮಾರು ಕಳೆಯೋದರಲ್ಲಿ "ಹನುಮಪ್ಪನ ಕಟ್ಟಿ" ಅನ್ನೋ ಗಡಿ ಬರೀ ಹಳೇ ಮಾತಾಯ್ತು. ಅಪ್ಪ ಮತ್ತು ಕಾಕಾ 1990ರ ಹೊತ್ತಿಗೆ ಹೊಸ ಆರ್‌ಸಿಸಿ ಮನೆ ಕಟ್ಟಿದ್ದು ಆ ಕಟ್ಟೆಯ ಕೆಳಗೆ. ಜಾಗ ಸಮತಟ್ಟಾಗಿತ್ತು, ರಸ್ತೆ ಹತ್ತಿರವಿತ್ತು. ಇನ್ನೇನು ಬೇಕು?

ಹೊಲದ ಕಥೆಯೂ ಇದೇ. ಮೊದಲು ಅಜ್ಜ ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಸೌತೆ, ಕಲ್ಲಂಗಡಿ ಬಳ್ಳಿ ಹಾಕ್ತಿದ್ದ. ಮಳೆಗಾಲಕ್ಕೆ ಮುಂಚೆ ಮುಗಿಯೋ ಬೆಳೆ, ಹೊಳೆಗೂ ಅಡ್ಡಿಯಿಲ್ಲ. ಆಮೇಲೆ ಪಂಪ್‌ಸೆಟ್ ಬಂತು. ಬದು ವರ್ಷಕ್ಕೆ ಎರಡು ಮಾರು ಕೆಳಗೆ ಸರೀತು. ಪಕ್ಕದವರೂ ಸರಿಸಿದರು, ಎದುರಿನ ದಂಡೆಯವರೂ ಸರಿಸಿದರು. ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚಿದಂತೆ ಕಬ್ಬು ಬಂತು. ಕಬ್ಬು ಮಳೆಗಾಲಕ್ಕೆ ಜಾಗ ಬಿಡೋ ಬೆಳೆಯಲ್ಲ, ವರ್ಷಪೂರ್ತಿ ನಿಂತೇ ಇರುತ್ತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಇಂಜಿನಿಯರಿಂಗ್‌ನ ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಖರ್ಚಿನಲ್ಲಿ ಒಂದು ಪಾಲು ಬಂದದ್ದು ಆ ಕೆಳಗಿನ ಪಟ್ಟಿಯ ಕಬ್ಬಿನಿಂದ. ನಾನು ಇವತ್ತು ಏಸಿ ರೂಮಿನಲ್ಲಿ ಕೂತು "ಒತ್ತುವರಿ" ಅಂತ ಟೈಪ್ ಮಾಡ್ತಿರೋ ಲ್ಯಾಪ್‌ಟಾಪಿನ ಹಿಂದೆಯೂ ಅದೇ ಒತ್ತುವರಿ ಇದೆ.

ಒಂದು ಸ್ಪ್ರೆಡ್‌ಶೀಟ್

ಎರಡು ದಂಡೆಯವರು ಸೇರಿ ಹೊಳೆಯನ್ನು ಅರ್ಧಕ್ಕೆ ಇಳಿಸಿದರೆ ಏನಾಗುತ್ತೆ? ಸಿವಿಲ್ ಓದಿದ ಗೆಳೆಯನೊಬ್ಬ ಮ್ಯಾನಿಂಗ್ ಸೂತ್ರ ತೋರಿಸಿಕೊಟ್ಟ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಇದನ್ನು ಕಾಲುವೆ, ನದಿಗಳ ಹರಿವು ಲೆಕ್ಕ ಹಾಕೋಕೆ ಇಂದಿಗೂ ಬಳಸ್ತಾರೆ. ನೀರಿನ ವೇಗ ಇಳಿಜಾರನ್ನು, ಆಳವನ್ನು ಮತ್ತು ತಳದ ಒರಟುತನವನ್ನು ಅವಲಂಬಿಸಿದೆ ಅನ್ನೋದು ಇದರ ಸಾರ.

ಒಂದು ಭಾನುವಾರ ಸ್ಪ್ರೆಡ್‌ಶೀಟ್ ತೆಗೆದು ಕೂತೆ. ತುಂಬಾ ಸರಳ ಮಾಡಿಕೊಂಡ ಲೆಕ್ಕ ಇದು, ಅಗಲವಾದ ಚೌಕಾಕಾರದ ಪಾತ್ರ ಅಂತ ಅಂದುಕೊಂಡಿದ್ದು.

ಪೂರ್ತಿ ಅಗಲದ, ಚೊಕ್ಕ ಮರಳು-ಮಣ್ಣಿನ ಪಾತ್ರದಲ್ಲಿ ನೀರು 10 ಅಡಿ ಆಳ ಹರೀತಿದೆ ಅಂದುಕೊಳ್ಳಿ.

ಅಷ್ಟೇ ನೀರು, ಅಗಲ ಅರ್ಧ: ಆಳ 15 ಅಡಿ.

ಅಷ್ಟೇ ನೀರು, ಅಗಲ ಅರ್ಧ, ಪಾತ್ರದ ತುಂಬಾ ಕಬ್ಬು ಮತ್ತು ಬಳ್ಳಾರಿ ಜಾಲಿ ಬೆಳೆದು ಒರಟುತನ ಮೂರು ಪಟ್ಟು: ಆಳ 29 ಅಡಿ.

ಮೂರನೇ ಸಾಲು ನೋಡಿ ನಾನು ಫಾರ್ಮುಲಾ ತಪ್ಪಾಯ್ತೇನೋ ಅಂತ ಎರಡು ಸಲ ಚೆಕ್ ಮಾಡಿದೆ. ತಪ್ಪಿರಲಿಲ್ಲ. ನಿಜವಾದ ಹೊಳೆಗೆ 29 ಅಡಿ ಎತ್ತರದ ದಂಡೆ ಎಲ್ಲಿದೆ? ಇಲ್ಲ. ಹಾಗಾಗಿ ಅಷ್ಟು ಏರೋ ಮೊದಲೇ ನೀರು ಪಕ್ಕಕ್ಕೆ ಹೊರಳಿ ಊರೊಳಗೆ ಬರುತ್ತೆ. ಮಳೆ ಒಂದು ಹನಿ ಹೆಚ್ಚಾಗದಿದ್ದರೂ, ಡ್ಯಾಮಿನಿಂದ ಒಂದು ಕ್ಯೂಸೆಕ್ ಹೆಚ್ಚು ಬಿಡದಿದ್ದರೂ, ನೆರೆ ಹೆಚ್ಚಾಗೋಕೆ ನಮ್ಮ ಕಬ್ಬು ಮತ್ತು ಜಾಲಿ ಸಾಕು.

ಇದರ ಮೇಲೆ ಇನ್ನೂ ಸಣ್ಣಪುಟ್ಟ ಅಡ್ಡಿಗಳಿವೆ. ಹೊಳೆಗೆ ಅಡ್ಡಲಾಗಿ ಮಣ್ಣು ಏರಿಸಿ ಮಾಡಿದ ರಸ್ತೆ, ಅದರ ಮಧ್ಯೆ ನಾಲ್ಕೇ ಕಿಂಡಿಯ ಸೇತುವೆ. ಕಸಕಡ್ಡಿ, ಕಬ್ಬಿನ ರವದಿ ಬಂದು ಆ ಕಿಂಡಿಗೆ ಕಟ್ಟಿಕೊಂಡರೆ ರಸ್ತೆಯೇ ಒಡ್ಡಾಗುತ್ತೆ. ಎಲ್ಲೆಂದರಲ್ಲಿ ಮರಳು ಬಗೆದ ಹೊಂಡಗಳು ಹರಿವಿನ ದಿಕ್ಕು ತಿರುಗಿಸಿ ದಂಡೆ ಕೊರೆಯುತ್ತವೆ. ಮೊದಲು ವರ್ಷವರ್ಷವೂ ಬರ್ತಿದ್ದ ಸಣ್ಣ ನೆರೆ ಪಾತ್ರವನ್ನು ಗುಡಿಸಿ ಚೊಕ್ಕ ಮಾಡಿ ಹೋಗ್ತಿತ್ತು. ಈಗ ಆ ಕೆಲಸ ಮಾಡೋರೂ ಇಲ್ಲ.

ಮೇಲಕ್ಕೆ ಹೋಗಬಾರದಾ?

ಬೆಂಗಳೂರಿನ ಗೆಳೆಯರು ಕೇಳ್ತಾರೆ, "ಅಪಾಯ ಅಂತ ಗೊತ್ತಿದ್ದೂ ಯಾಕೆ ಅಲ್ಲೇ ಇರ್ತಾರೆ?"

2009ರ ನೆರೆಯ ನಂತರ ಸರ್ಕಾರ "ಆಸರೆ" ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗದಲ್ಲಿ ಸಾವಿರಾರು ಮನೆ ಕಟ್ಟಿಸಿತು. ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲೇ ಇಲ್ಲ. ಹೋದವರೂ ಕೆಲವರು ವಾಪಸ್ ಬಂದರು. ಆಯಿಯನ್ನು ಕೇಳಿದರೆ ಕಾರಣಗಳ ಪಟ್ಟಿ ರೆಡಿ ಇದೆ. ಎಮ್ಮೆ ಕಟ್ಟೋಕೆ ಜಾಗ ಇಲ್ಲ. ಜೋಳದ ಕಣಿಕೆ ಒಟ್ಟೋಕೆ ಹಿತ್ತಿಲಿಲ್ಲ. ಹೊಲ ದೂರ. ಒಂದೇ ಮನೆಯಲ್ಲಿ ಇದ್ದ ಮೂವರು ಅಣ್ಣತಮ್ಮಂದಿರಿಗೆ ಒಂದೇ ಮನೆ ಹಂಚಿಕೆ. "ಹತ್ತ ವರ್ಷಕ್ಕೊಮ್ಮೆ ಬರೋ ಹೊಳಿಗೆ ಅಂಜಿ ದಿನಾ ಎರಡ ಮೈಲು ನಡೀಲೇನು?" ಅಂತಾಳೆ.

ಅವಳ ಲೆಕ್ಕ ದಡ್ಡತನದ್ದಲ್ಲ. ದಿನದ ಕಷ್ಟ ಒಂದು ತಕ್ಕಡಿಯಲ್ಲಿ, ಯಾವಾಗಲೋ ಬರೋ ಕಷ್ಟ ಇನ್ನೊಂದರಲ್ಲಿ. ಆದರೆ 2009 ಆದ ಹತ್ತೇ ವರ್ಷಕ್ಕೆ 2019 ಬಂತು. ಆ ಸಲ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು. ನಮಗಿಂತ ಕೆಳಗಿದ್ದ ಮಣ್ಣಿನ ಮನೆಗಳವರಿಗೆ ಏನೂ ಉಳಿಯಲಿಲ್ಲ. ಅವರಿಗೆ ಹೊಳೆಯಲ್ಲಿ ಒಂದು ಗುಂಟೆ ಕಬ್ಬೂ ಇರಲಿಲ್ಲ. ಇದು ನನಗೆ ಇವತ್ತಿಗೂ ಚುಚ್ಚೋ ವಿಷಯ. ಹೊಳೆ ಒತ್ತಿದವರಲ್ಲಿ ಹೊಲ ಇದ್ದವರು ಮುಂದು, ಮುಳುಗಿದವರಲ್ಲಿ ಹೊಲ ಇಲ್ಲದವರು ಮುಂದು.

ಫ್ಲಾಟ್ ಹುಡುಕುವವರಿಗೂ ಇದೇ ಪಾಠ

ಇದೆಲ್ಲ ಹಳ್ಳಿ ವಿಷಯ ಅಂತ ಸ್ಕ್ರೋಲ್ ಮಾಡೋ ಮುಂಚೆ 2022ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ನಮ್ಮಂಥವರು ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋಗಿದ್ದೆವಲ್ಲ? ಅಲ್ಲಿ ನದಿ ಇಲ್ಲ. ಆದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯೋ ರಾಜಕಾಲುವೆಗಳಿದ್ದವು. ಅವು ಬೇಸಿಗೆಯಲ್ಲಿ ಒಣಗಿದ್ದನ್ನು ನೋಡಿ "ಇಲ್ಲಿ ನೀರು ಬರಲ್ಲ" ಅಂದುಕೊಂಡು ಕಿರಿದು ಮಾಡಿದೆವು, ಮುಚ್ಚಿದೆವು, ಮೇಲೆ ಕಟ್ಟಿದೆವು. ನಮ್ಮೂರಿನ ಕಬ್ಬಿಗೂ ಇಲ್ಲಿನ ಕಾಂಕ್ರೀಟಿಗೂ ತರ್ಕ ಒಂದೇ.

ಹಾಗಾಗಿ ನಿಮ್ಮ ಫೋನಿನಲ್ಲೇ ಮಾಡಬಹುದಾದ ನಾಲ್ಕು ಕೆಲಸ ಹೇಳ್ತೀನಿ.

• ಸೈಟು, ಫ್ಲಾಟು, ಹೊಲ ಏನೇ ಕೊಳ್ಳೋ ಮುಂಚೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಮೇಲೆ ನಿಂತು ನೋಡಿ. ಸರ್ವೆ ನಂಬರ್, ಅದು ಸರ್ಕಾರಿ ಜಾಗವೋ, ಕೆರೆ-ಕಾಲುವೆ ಪಕ್ಕವೋ ಅನ್ನೋ ಅಂದಾಜು ಸಿಗುತ್ತೆ. ಅಂತಿಮ ದಾಖಲೆ ಅದಲ್ಲ, ಆದರೆ ಪ್ರಶ್ನೆ ಕೇಳೋಕೆ ಸಾಕು.

• ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ನೋಡಿ. ಹೊಳೆ ಅಥವಾ ಹಳ್ಳ ಮೊದಲು ಎಷ್ಟು ಅಗಲ ಇತ್ತು ಅನ್ನೋದು ಕಣ್ಣಿಗೇ ಕಾಣುತ್ತೆ.

• ಊರಲ್ಲಿ ಹಿರಿಯರಿದ್ದರೆ ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಆ್ಯಪ್ ಇಟ್ಟುಕೊಳ್ಳಿ. ಘಟ್ಟದಲ್ಲಿ ಜೋರು ಮಳೆ, ಜಲಾಶಯ ತುಂಬ್ತಾ ಬಂದಿದೆ ಅಂದರೆ "ಇಲ್ಲಿ ಮಳಿ ಇಲ್ಲ ಬಿಡು" ಅನ್ನೋ ಮಾತು ನಂಬಬೇಡಿ. ಅಣೆಕಟ್ಟಿನ ನೀರು ಊರು ಮುಟ್ಟೋಕೆ ಗಂಟೆಗಳು ಬೇಕು. ಜನ, ದನ, ಕಾಗದಪತ್ರ ಮೇಲಕ್ಕೆ ಸಾಗಿಸೋಕೆ ಸಿಗೋ ಸಮಯ ಅದೇ.

• ಅಜ್ಜ ಅಜ್ಜಿಯರನ್ನು "ನೀರು ಎಲ್ಲೀತನಕ ಬಂದಿತ್ತು?" ಅಂತ ಕೇಳಿ. ಉತ್ತರ ಬಂದ ಜಾಗದಲ್ಲಿ ಒಂದು ಗುರುತು ಹಾಕಿಸಿ, ವರ್ಷ ಬರೆಸಿ. ಮರೆಯೋ ತಲೆಮಾರಿಗೆ ಅದು ಉಪಯೋಗಕ್ಕೆ ಬರುತ್ತೆ.

ನೀಲಿ ಚುಕ್ಕೆ

ಹೋದ ಸಲ ಊರಿಗೆ ಹೋದಾಗ ಕಾಕಾನನ್ನು ಕರೆದುಕೊಂಡು ಕೆಳಗಿನ ಹೊಲಕ್ಕೆ ಹೋದೆ. ಆಳೆತ್ತರದ ಕಬ್ಬು. ಮಧ್ಯೆ ನಿಂತು ದಿಶಾಂಕ್ ತೆಗೆದೆ. ನಾವು ನಿಂತಿದ್ದ ಜಾಗ ತೋರಿಸೋ ನೀಲಿ ಚುಕ್ಕೆ ಮಿನುಗ್ತಿತ್ತು. ಸರ್ವೆ ನಂಬರ್‌ಗಳ ಗೆರೆಯೆಲ್ಲ ನಮ್ಮ ಬೆನ್ನ ಹಿಂದೆ, ಐವತ್ತು ಹೆಜ್ಜೆ ಮೇಲೆಯೇ ಮುಗಿದಿತ್ತು. ನಕ್ಷೆ ಪ್ರಕಾರ ನಾವಿಬ್ಬರೂ ಹೊಳೆಯ ನಡುವೆ ನಿಂತಿದ್ದೆವು.

ಕಾಕಾ ಫೋನ್ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಎಲ್ಲಾರೂ ಮಾಡ್ಯಾರ," ಅಂದರು. ನಾನು ಏನೂ ಹೇಳಲಿಲ್ಲ. ಹೇಳೋ ಹಕ್ಕು ನನಗೆಷ್ಟಿದೆ ಅಂತ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ನಾವ್ ಒಬ್ರ ಬಿಟ್ರ ಹೊಳಿ ಅಗಲ ಆಕ್ಕೈತೇನು?" ಅಂತ ಕೇಳಿದರು.

ಆಗಲ್ಲ. ಅದೂ ನಿಜವೇ. ಎರಡೂ ದಂಡೆಯಲ್ಲಿ, ಮೈಲುಗಟ್ಟಲೆ ಉದ್ದಕ್ಕೆ ಎಲ್ಲರೂ ಬಿಡಬೇಕು. ಅದಕ್ಕೆ ಸರ್ವೆ ಆಗಬೇಕು, ಗಡಿಕಲ್ಲು ನೆಡಬೇಕು, ಅಷ್ಟರಿಂದಲೇ ಬದುಕೋ ಸಣ್ಣ ರೈತರಿಗೆ ಬೇರೆ ದಾರಿ ತೋರಿಸಬೇಕು. ಪ್ರತಿ ನೆರೆ ಇಳಿದಾಗ ಒಂದು ತಿಂಗಳು ಈ ಮಾತು ನಡೆಯುತ್ತೆ, ಮುಂದಿನ ಬೆಳೆ ಬರೋ ಹೊತ್ತಿಗೆ ನಿಲ್ಲುತ್ತೆ.

ನಮ್ಮ ಮನೆಯಲ್ಲಿ ಆ ರಾತ್ರಿ ಜೋರು ಚರ್ಚೆಯೇ ಆಯ್ತು. ಆ ಪಟ್ಟಿಯ ಆದಾಯದಷ್ಟು ಹಣವನ್ನು ನಾನು ಕಳಿಸ್ತೀನಿ ಅಂದೆ. ಕಾಕಾಗೆ ಸಿಟ್ಟು ಬಂತು. "ಹೊಲಾ ಬಿಡಸಾಕ ಪಗಾರ ಕೊಡ್ತಿಯೇನು?" ಅಂದರು. ಅಪ್ಪ ನಡುವೆ ಬಂದರು. ಕೊನೆಗೆ, ಈ ಕೂಳೆ ತೆಗೆದ ಮೇಲೆ ತೀರಾ ಕೆಳಗಿನ ಪಟ್ಟಿಗೆ ಮತ್ತೆ ಕಬ್ಬು ಹಾಕೋದು ಬೇಡ, ಬೇಸಿಗೆಗೆ ಅಜ್ಜನ ಹಾಗೆ ಸೌತೆ, ಕಲ್ಲಂಗಡಿ ಹಾಕೋಣ ಅನ್ನೋ ಮಾತಿಗೆ ಬಂದು ನಿಂತಿತು. ಪೂರ್ತಿ ಒಪ್ಪಿಗೆ ಅಂತ ಹೇಳಲಾರೆ. ಕಾಕಾ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಅಷ್ಟೊತ್ತಿನ ತನಕ ಸುಮ್ಮನೆ ಕೂತಿದ್ದ ಆಯಿ ಮಾತ್ರ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ನಾ ಆವಾಗ ಹೇಳಿದ್ನೆಲ್ಲೋ, ಹನುಮಪ್ಪನ ಕಟ್ಟಿ ಕೆಳಗ ಮನಿ ಬ್ಯಾಡ ಅಂತ," ಅಂದಳು. ಅಪ್ಪನೂ ಕಾಕಾನೂ ಮುಖ ಮುಖ ನೋಡಿಕೊಂಡರು. ಅವಳು ಹೇಳಿದ್ದಳಂತೆ, ಮೂವತ್ತು ವರ್ಷದ ಹಿಂದೆ. ಯಾರೂ ಕೇಳಿರಲಿಲ್ಲ.